ಮನೆಯೇ ರೇಸಿಗೆ ಹೊರಟರೆ ಉಮ್ಮನೂ ರೇಸ್ ನೋಡಬೇಕು

ಕಾರು ರೇಸ್ ನೋಡಲು ಹೋಗುವುದು ಎಂದರೆ ನಮ್ಮ ಮನೆಗಳಲ್ಲಿ ಒಂದೇ ಕ್ರಮ. ಶುಕ್ರವಾರ ಜುಮಾ ಮುಗಿಸಿ ನಾಲ್ಕೈದು ಮಂದಿ ಹುಡುಗರು ಒಂದು ಕಾರು ಹತ್ತುತ್ತಾರೆ. ಚಿಕ್ಕಮಗಳೂರೋ, ಕೊಯಮತ್ತೂರೋ, ಚೆನ್ನೈಯೋ. ರಾತ್ರಿ ಸೀಟಿನಲ್ಲೇ ಕುತ್ತಿಗೆ ಓರೆ ಮಾಡಿ ನಿದ್ದೆ, ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ ಮುಖ ತೊಳೆಯುವುದು, ಮಧ್ಯಾಹ್ನ ಸಿಕ್ಕಿದ್ದು ತಿನ್ನುವುದು. ಭಾನುವಾರ ನಡುರಾತ್ರಿ ಕೆಂಪು ಧೂಳು ಮೆತ್ತಿದ ಬಟ್ಟೆಗಳು ಮನೆಗೆ ಬರುತ್ತವೆ. ಆ ಬಟ್ಟೆ ಒಗೆಯುವವರು ಮಾತ್ರ ರೇಸ್ ನೋಡಿದವರಲ್ಲ.

ಅವರಿಗೆ ಆಸೆ ಇಲ್ಲ ಎಂದಲ್ಲ. ಎಫ್-1 ಶುರುವಾದರೆ ಟಿವಿ ಎದುರು ಕೂರುವ ಹೆಣ್ಣುಮಕ್ಕಳು ಈಗ ಬೇಕಾದಷ್ಟು ಉಂಟು. ಯಾವ ಚಾಲಕ ಯಾವ ಟೈರ್ ಹಾಕಿದ್ದಾನೆ ಎಂದು ಅಣ್ಣನಿಗಿಂತ ಮೊದಲು ತಂಗಿ ಹೇಳುತ್ತಾಳೆ. ಆದರೆ "ನೀವು ಅಲ್ಲಿ ಬಂದು ಏನು ಮಾಡ್ತೀರಿ? ಸರಿಯಾದ ಟಾಯ್ಲೆಟ್ ಇಲ್ಲ, ಮಗುವಿಗೆ ಹಾಲು ಕೊಡ್ಲಿಕ್ಕೆ ಜಾಗ ಇಲ್ಲ, ನಮಾಝಿಗೆ ಮರೆ ಇಲ್ಲ" ಎಂಬ ಮಾತಿಗೆ ಎಲ್ಲ ನಿಂತುಬಿಡುತ್ತದೆ. ಸುಳ್ಳು ಮಾತೂ ಅಲ್ಲ ಅದು. ಊರ ಹೊರಗಿನ ಬಯಲಿನಲ್ಲಿ, ಕಾಫಿ ತೋಟದ ಅಂಚಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಲ್ಲುವುದು ಗಂಡಸರಿಗೇ ಕಷ್ಟ.

ಈ ಮೂರೂ ತೊಂದರೆಗೆ ಒಟ್ಟಿಗೆ ಉತ್ತರ ಕೊಡುವ ವಾಹನ ಒಂದುಂಟು. ಕ್ಯಾರವಾನ್. ಹಾಸಿಗೆ, ಒಲೆ, ನೀರಿನ ಟ್ಯಾಂಕಿ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ. ಹೊರದೇಶಗಳಲ್ಲಿ ರೇಸ್ ವಾರಾಂತ್ಯಕ್ಕೆ ಸಂಸಾರ ಸಮೇತ ಹೋಗುವವರು ಇದನ್ನೇ ನೆಚ್ಚಿಕೊಂಡಿದ್ದಾರೆ. ನಮ್ಮ ಕಡೆಯೂ ಬಾಡಿಗೆಗೆ ಸಿಗಲು ಶುರುವಾಗಿದೆ. ಹಾಗಾದರೆ ಮುಂದಿನ ಸಲ ಮನೆಮಂದಿಯೆಲ್ಲ ಹೊರಡಬಹುದೇ? ಹೊರಡಬಹುದು. ಆದರೆ ಕೆಲವು ವಿಷಯ ಮೊದಲೇ ಕೂತು ಮಾತಾಡಿಕೊಳ್ಳಬೇಕು.

ಹಳೆಯ ಹೆಸರು, ಹೊಸ ಗಾಡಿ

ಕ್ಯಾರವಾನ್ ಎಂಬ ಹೆಸರು ಬಿಳಿಯರದ್ದಲ್ಲ. ಪಾರ್ಸಿಯ 'ಕಾರ್‌ವಾನ್' ಎಂಬ ಮಾತು ಯುರೋಪಿಗೆ ಹೋಗಿ ಹೀಗಾಯಿತು. ಅರಬಿಯಲ್ಲಿ ನಾವು ಖಾಫಿಲ ಎನ್ನುತ್ತೇವಲ್ಲ, ಅದೇ. ಒಂಟೆಗಳ ಸಾಲಿನಲ್ಲಿ ವ್ಯಾಪಾರಿಗಳು ಒಟ್ಟಿಗೆ ಹೋಗುತ್ತಿದ್ದರು. ರಾತ್ರಿ ತಂಗಲು ನಡುವೆ ಅಂಗಳ, ಸುತ್ತ ಕೋಣೆ, ಒಂದು ಬಾವಿ ಇರುವ ಸರಾಯಿಗಳಿದ್ದವು. ಒಂಟಿಯಾಗಿ ಹೋಗಬಾರದು, ನೀರು ಇರುವಲ್ಲಿ ತಂಗಬೇಕು, ರಾತ್ರಿ ಬಾಗಿಲು ಹಾಕಿದ ಜಾಗದಲ್ಲಿ ಮಲಗಬೇಕು ಎಂಬ ಅಂದಿನ ಮೂರು ನಿಯಮ ಇಂದಿನ ಗಾಡಿಗೂ ಸರಿಯಾಗಿ ಹೊಂದುತ್ತವೆ.

ಇಂದಿನ ಕ್ಯಾರವಾನಿನಲ್ಲಿ ಎರಡು ಬಗೆ. ಎಂಜಿನ್ ಇಲ್ಲದೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕೋಣೆ ಒಂದು. ತಾನೇ ಓಡುವ ಬಸ್ಸಿನಂಥದ್ದು ಇನ್ನೊಂದು. ಇದಕ್ಕೆ ಮೋಟಾರ್‌ಹೋಮ್ ಎಂದೂ, ಅಮೆರಿಕದಲ್ಲಿ ಆರ್‌ವಿ ಎಂದೂ ಹೇಳುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು. ಟಿಟಿ ಅಥವಾ ಬಸ್ಸಿನ ಚಾಸಿಯ ಮೇಲೆ ಕಟ್ಟಿದ್ದು. ಒಳಗೆ ಎರಡು ನೀರಿನ ಟ್ಯಾಂಕಿ: ಒಂದು ಒಳ್ಳೆ ನೀರಿಗೆ, ಇನ್ನೊಂದು ಪಾತ್ರೆ ತೊಳೆದ ನೀರಿಗೆ. ಟಾಯ್ಲೆಟ್‌ನ ಗಲೀಜಿಗೆ ಬೇರೆಯೇ ಡಬ್ಬಿ. ದೀಪ, ಫ್ಯಾನಿಗೆ ಬ್ಯಾಟರಿ. ಎಸಿ ಬೇಕಾದರೆ ಹೊರಗಿನ ಕರೆಂಟ್, ಇಲ್ಲವಾದರೆ ಜನರೇಟರ್.

ಹೊರದೇಶದ ಮೈದಾನಗಳಲ್ಲಿ

ಫ್ರಾನ್ಸಿನ ಲ ಮಾನ್ಸ್‌ನಲ್ಲಿ 1923ರಿಂದ ಒಂದು ರೇಸ್ ನಡೆಯುತ್ತದೆ. ಶನಿವಾರ ಸಂಜೆ ಶುರುವಾದರೆ ಭಾನುವಾರ ಸಂಜೆವರೆಗೆ 24 ಗಂಟೆ, ಒಂದೇ ಸಮನೆ. 13.626 ಕಿ.ಮೀ. ಸುತ್ತಳತೆಯ ಹಾದಿ. ಒಂದು ಕಾರನ್ನು ಮೂವರು ಸರದಿಯಲ್ಲಿ ಓಡಿಸುತ್ತಾರೆ. ಇಂತಹ ರೇಸನ್ನು ಹೋಟೆಲಿನಲ್ಲಿ ಉಳಿದುಕೊಂಡು ನೋಡುವುದು ಹೇಗೆ? ಹಾಗಾಗಿ ಹಾದಿಯ ಸುತ್ತಲಿನ ಬಯಲುಗಳಲ್ಲಿ ಟೆಂಟ್, ಕ್ಯಾರವಾನ್‌ಗಳ ಊರೇ ಎದ್ದು ನಿಲ್ಲುತ್ತದೆ. 2023ರ ಶತಮಾನೋತ್ಸವದ ರೇಸಿಗೆ ಬಂದವರು 3 ಲಕ್ಷ 25 ಸಾವಿರ ಮಂದಿ.

ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ರೇಸ್ ಹಾದಿ ಒಂದು ಗುಡ್ಡ ಹತ್ತಿ ಇಳಿಯುತ್ತದೆ, 6.213 ಕಿ.ಮೀ. ವರ್ಷದ ಉಳಿದ ದಿನಗಳಲ್ಲಿ ಅದು ಎಲ್ಲರೂ ಓಡಾಡುವ ಮಾಮೂಲಿ ರಸ್ತೆ. ಅಕ್ಟೋಬರಿನ 1,000 ಕಿ.ಮೀ. ರೇಸಿಗೆ ಜನ ದಿನಗಳ ಮೊದಲೇ ಬಂದು ಗುಡ್ಡದ ತಲೆಯಲ್ಲಿ ಬೀಡು ಬಿಡುತ್ತಾರೆ. ಅಮೆರಿಕದ ಟ್ಯಾಲಡೇಗಾದಲ್ಲಂತೂ ಮೊಟ್ಟೆಯಾಕಾರದ ಹಾದಿಯ ಒಳಬಯಲಲ್ಲೇ ಆರ್‌ವಿಗಳು ಸಾಲಾಗಿ ನಿಲ್ಲುತ್ತವೆ. ಯುರೋಪಿನ ಎಫ್-1 ರೇಸುಗಳಲ್ಲಿ ಕೆಲವು ಚಾಲಕರೇ ಹೋಟೆಲ್ ಬಿಟ್ಟು ಮೈದಾನದಲ್ಲಿ ತಮ್ಮ ಮೋಟಾರ್‌ಹೋಮಿನಲ್ಲಿ ಮಲಗುತ್ತಾರೆ. ಬೆಳಿಗ್ಗೆ ಟ್ರಾಫಿಕ್ ಇಲ್ಲ, ನಿದ್ದೆಯೂ ಸಿಗುತ್ತದೆ.

ಎಲ್ಲ ಮೈದಾನವೂ ನಮ್ಮಂಥ ಮನೆಯವರಿಗೆ ಹೇಳಿಸಿದ್ದಲ್ಲ. ಕುಡಿತ, ರಾತ್ರಿಯಿಡೀ ಹಾಡು, ಗಲಾಟೆ ಇರುವ ಬಯಲುಗಳೂ ಇವೆ. ಇದು ಅಲ್ಲಿನ ಸಂಸಾರಸ್ಥರಿಗೂ ತೊಂದರೆಯೇ. ಅದಕ್ಕಾಗಿ ಇಂಗ್ಲೆಂಡಿನಂತಹ ಕಡೆ ಕುಟುಂಬಗಳಿಗೆಂದು ಬೇರೆ ಮೂಲೆ ಬಿಟ್ಟು, ರಾತ್ರಿ ಸದ್ದು ನಿಲ್ಲಿಸುವ ಹೊತ್ತನ್ನು ಗೊತ್ತು ಮಾಡುತ್ತಾರೆ. ಅಲ್ಲಿರುವ ನಮ್ಮ ಮಕ್ಕಳು ಟಿಕೆಟ್ ತೆಗೆಯುವಾಗ ಮೊದಲು ಕೇಳಬೇಕಾದ್ದು ರೇಸ್ ಎಲ್ಲಿಂದ ಚಂದ ಕಾಣುತ್ತದೆ ಎಂದಲ್ಲ, ಕುಟುಂಬದ ಜಾಗ ಯಾವುದು ಎಂದು.

ಗಲ್ಫಿನವರಿಗೆ ಮನೆಬಾಗಿಲ ರೇಸ್

ನಮ್ಮವರಿಗೆ ಅತಿ ಹತ್ತಿರದ ದೊಡ್ಡ ರೇಸ್ ಇರುವುದು ಗಲ್ಫಿನಲ್ಲೇ. ಬಹರೈನಿನ ಸಾಖೀರ್ ಮರಳುಗಾಡಿನಲ್ಲಿ ಎಫ್-1 ಶುರುವಾದದ್ದು 2004ರಲ್ಲಿ. ಮಧ್ಯಪ್ರಾಚ್ಯದ ಮೊದಲ ಎಫ್-1 ಅದು. ಅಬುಧಾಬಿಯ ಯಾಸ್ ದ್ವೀಪದಲ್ಲಿ 2009ರಲ್ಲಿ, ಜಿದ್ದಾ ಮತ್ತು ಖತರಿನಲ್ಲಿ 2021ರಲ್ಲಿ ಬಂತು. ಸಾಖೀರಿನಲ್ಲಿ ಚಳಿಗಾಲ ಬಂತೆಂದರೆ ಅಲ್ಲಿನ ಕುಟುಂಬಗಳು ಮರಳಿನಲ್ಲಿ ಟೆಂಟ್ ಹಾಕಿ ತಂಗುವುದು ಹಳೇ ರೂಢಿ. ಅಜ್ಜಿಯಿಂದ ಹಾಲುಮಗುವಿನವರೆಗೆ ಎಲ್ಲರೂ ಇರುತ್ತಾರೆ. ದಮ್ಮಾಮ್, ಖೋಬರ್, ಜುಬೈಲ್‌ನಲ್ಲಿ ದುಡಿಯುವ ನಮ್ಮವರಿಗೆ 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆ ದಾಟಿದರೆ ಬಹರೈನ್. ಸೇತುವೆ 1986ರಿಂದ ಇದೆ.

ಅಲ್ಲಿನ ರೇಸಿನಲ್ಲಿ ನಮ್ಮ ಮನೆಯವರಿಗೆ ಹಿತವಾಗುವ ಕೆಲವು ಸಂಗತಿ ಉಂಟು. ಬಹರೈನಿನಲ್ಲಿ ಗೆದ್ದವರು ಶಾಂಪೇನ್ ಚಿಮ್ಮಿಸುವುದಿಲ್ಲ. ಗುಲಾಬಿ ನೀರು, ದಾಳಿಂಬೆ ಸೇರಿಸಿದ ವಾರ್ದ್ ಎಂಬ ಪಾನೀಯವನ್ನು ಚಿಮ್ಮಿಸುತ್ತಾರೆ. 2024ರಲ್ಲಿ ರಮಝಾನ್ ಮಾರ್ಚ್ 10ರ ಹೊತ್ತಿಗೆ ಬರುವುದಿತ್ತು. ಆಗ ಬಹರೈನ್ ರೇಸನ್ನು ಮಾರ್ಚ್ 2ರ ಶನಿವಾರಕ್ಕೂ, ಜಿದ್ದಾ ರೇಸನ್ನು ಮಾರ್ಚ್ 9ರ ಶನಿವಾರಕ್ಕೂ ಒಂದು ದಿನ ಮುಂಚಿತವಾಗಿ ಇಟ್ಟರು. ಇಡೀ ಲೋಕ ನೋಡುವ ಆಟ ಕೂಡ ಬೇಕೆಂದರೆ ಮನೆಯ ಕ್ಯಾಲೆಂಡರಿಗೆ ಹೊಂದಿಕೊಳ್ಳುತ್ತದೆ ಎನ್ನಲು ಇದು ಸಾಕ್ಷಿ.

ಹೊತ್ತಿನ ಲೆಕ್ಕ ಮಾತ್ರ ನಾವೇ ಇಟ್ಟುಕೊಳ್ಳಬೇಕು. ಅಬುಧಾಬಿ ರೇಸ್ ಡಿಸೆಂಬರಿನಲ್ಲಿ ಸಂಜೆ 5ಕ್ಕೆ ಶುರುವಾಗುತ್ತದೆ, ಅಲ್ಲಿ ಸೂರ್ಯ ಮುಳುಗುವುದು ಐದೂವರೆಗೆ. ಅಂದರೆ ಮಗ್ರಿಬ್ ನಡು ರೇಸಿನಲ್ಲಿ. ಎಲ್ಲರೂ ಒಟ್ಟಿಗೆ ಎದ್ದು ಹೋಗುವ ಬದಲು ಇಬ್ಬಿಬ್ಬರಾಗಿ ಹೋಗಿ ಬಂದರೆ ಮಕ್ಕಳ ಬಳಿ ಯಾರಾದರೂ ಇರುತ್ತಾರೆ. ಪ್ರಯಾಣಿಕರ ಜಮಾ-ಕಸರ್ ನಿಮ್ಮ ದೂರಕ್ಕೆ ಸಲ್ಲುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಉಸ್ತಾದರ ಬಳಿ ಕೇಳಿಟ್ಟುಕೊಳ್ಳಿ. ಮೈದಾನದಲ್ಲಿ ನಿಂತು ಫೋನಿನಲ್ಲಿ ಹುಡುಕುವ ಕೆಲಸ ಅದಲ್ಲ.

ಚಿಕ್ಕಮಗಳೂರಿನ ತೋಟಗಳಲ್ಲಿ

ಈಗ ಊರಿಗೆ ಬರೋಣ. ಕರಾವಳಿಯವರಿಗೆ ಹತ್ತಿರದ ಮೋಟಾರು ಹಬ್ಬ ಚಿಕ್ಕಮಗಳೂರಿನ ರ‍್ಯಾಲಿ. 2016 ಸೇರಿದಂತೆ ಕೆಲವು ವರ್ಷ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ಇಲ್ಲಿನ ಕಾಫಿ ತೋಟಗಳ ಹಾದಿಯಲ್ಲೇ ನಡೆದಿತ್ತು. ಆ ಚಾಂಪಿಯನ್‌ಶಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದವರು ಭಾರತದ ಗೌರವ್ ಗಿಲ್. ದೇಶದ ರ‍್ಯಾಲಿಗಳಲ್ಲಿ ಗಿಲ್ ಪಕ್ಕದ ಸೀಟಿನಲ್ಲಿ ಕೂತು ರಾಷ್ಟ್ರೀಯ ಪ್ರಶಸ್ತಿ ತಂದವರು ನಮ್ಮ ಕಾಸರಗೋಡಿನ ಮೂಸಾ ಶರೀಫ್. 300ಕ್ಕೂ ಹೆಚ್ಚು ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿ ಕೂತವರು ಅವರು.

ನ್ಯಾವಿಗೇಟರ್ ಎಂದರೆ ಸುಮ್ಮನೆ ಕೂರುವವರಲ್ಲ. ರ‍್ಯಾಲಿಗೆ ಮೊದಲೇ ನಿಧಾನವಾಗಿ ಹಾದಿಯಲ್ಲಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಎಡಕ್ಕೋ ಬಲಕ್ಕೋ, ಎಷ್ಟು ಕಡಿದು, ಎಷ್ಟು ಮೀಟರ್ ನೇರ, ಎಲ್ಲಿ ಹಳ್ಳ. ರೇಸಿನ ದಿನ ಕಾರು ಹಾರುತ್ತಿರುವಾಗ ಅದನ್ನು ಒಂದು ತಿರುವು ಮೊದಲೇ ಓದಿ ಹೇಳಬೇಕು. ಒಂದು ಸಾಲು ತಪ್ಪಿದರೆ ಕಾರು ತೋಟದೊಳಗೆ. ಚಾಲಕ ಕಾಣುವುದು ಕಣ್ಣ ಮುಂದಿನದ್ದು. ಪಕ್ಕದವರು ಕಾಣುವುದು ಮುಂದೆ ಬರುವುದು. ಕ್ಯಾರವಾನ್ ಓಡಿಸುವ ಮನೆಯವರಿಗೂ ಇದು ಬೇಕು. ಉದ್ದ, ಎತ್ತರದ ಗಾಡಿಯಲ್ಲಿ ಪಕ್ಕದ ಸೀಟಿಗೆ ನಿದ್ದೆ ಮಾಡುವವರು ಆಗದು. ದಾರಿ ನೋಡಿ ಹೇಳುವ ಮಗಳೋ ಸೊಸೆಯೋ ಕೂರಲಿ. ರೈಲ್ವೆ ಕೆಳಸೇತುವೆಯ ಎತ್ತರದ ಫಲಕ ಓದುವುದು, ವಾಲಿದ ಮರದ ಕೊಂಬೆ ನೋಡುವುದು ಅವರ ಕೆಲಸ.

ಮಂಗಳೂರಿನಿಂದ ಚಿಕ್ಕಮಗಳೂರಿಗೆ ಹತ್ತಿರದ ದಾರಿ ಚಾರ್ಮಾಡಿ. ಮಳೆ, ಕುಸಿತಗಳಿಂದಾಗಿ ಅಲ್ಲಿ ದೊಡ್ಡ ವಾಹನಗಳಿಗೆ, ರಾತ್ರಿ ಸಂಚಾರಕ್ಕೆ ನಿರ್ಬಂಧ ಬರುವುದುಂಟು. ಹೊರಡುವ ಹಿಂದಿನ ದಿನ ವಿಚಾರಿಸಿ. ಇಲ್ಲವಾದರೆ ಶಿರಾಡಿ ಹತ್ತಿ ಸಕಲೇಶಪುರ, ಬೇಲೂರು ಮಾರ್ಗ.

ರ‍್ಯಾಲಿಯಲ್ಲಿ ಇನ್ನೊಂದು ವಿಷಯ. ಸರ್ಕ್ಯೂಟಿನ ಹಾಗೆ ಗೋಡೆ, ಗ್ಯಾಲರಿ ಇರುವುದಿಲ್ಲ. ಮೊದಲ ಕಾರು ಬರುವ ಮೊದಲೇ ಹಾದಿ ಮುಚ್ಚುತ್ತಾರೆ, ಕೊನೆಯ ಕಾರು ಹೋಗಿ ಸಿಬ್ಬಂದಿ ಹೇಳುವವರೆಗೆ ತೆರೆಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಒಂದು ರ‍್ಯಾಲಿಯಲ್ಲಿ, ಓಟ ನಡೆಯುತ್ತಿದ್ದ ಹಾದಿಗೆ ಬೈಕಿನಲ್ಲಿ ಬಂದ ಒಂದೇ ಮನೆಯ ಮೂವರು ಕಾರಿಗೆ ಸಿಕ್ಕಿ ತೀರಿಕೊಂಡರು. ಒಂದು ಕಾರು ಹೋಯಿತು, ಈಗ ಆ ಬದಿಗೆ ಹೋಗಿ ಬರುವ ಎಂದು ಮಕ್ಕಳ ಕೈ ಬಿಡಬೇಡಿ. ಗಾಡಿ ಮುಚ್ಚುವ ಹಾದಿಯ ಹೊರಗೆ ಇರಲಿ, ಮೇಲಿನ ದಿಬ್ಬದಲ್ಲಿ. ತಿರುವಿನ ಹೊರಬದಿಯಲ್ಲಿ ಯಾರೂ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಹೋಗುವುದು ಆ ಕಡೆಗೇ.

ಕೊಯಮತ್ತೂರು, ಕೊಲ್ಹಾಪುರ ಮತ್ತು ನಡುವೆ ಲಕಮನಹಳ್ಳಿ

ಗೋಡೆ, ಗ್ಯಾಲರಿ ಇರುವ ಟ್ರ್ಯಾಕ್ ಬೇಕಾದರೆ ಎರಡು ದಿಕ್ಕು. ತೆಂಕಣಕ್ಕೆ ಕಾಸರಗೋಡು, ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. 2003ರಲ್ಲಿ ತೆರೆದ, ಸುಮಾರು 2.1 ಕಿ.ಮೀ. ಹಾದಿ. ರೇಸ್ ಕಾರು ಕಟ್ಟುತ್ತಿದ್ದ ಎಸ್. ಕರಿವರ್ಧನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ರಾಷ್ಟ್ರೀಯ ರೇಸಿಂಗ್ ಸುತ್ತುಗಳು ಅಲ್ಲಿ ನಡೆಯುತ್ತವೆ.

ಬಡಗಣಕ್ಕೆ ಹೋದರೆ ಕೊಲ್ಹಾಪುರ. ಅಲ್ಲಿನ ಮೋಹಿತೆ ಅಕಾಡೆಮಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಕಾರ್ಟಿಂಗ್ ಸುತ್ತುಗಳು ನಡೆದಿವೆ. ಕಾರ್ಟ್ ಎಂದರೆ ನೆಲಕ್ಕೆ ತಾಗಿದಂತೆ ಓಡುವ ಪುಟ್ಟ ರೇಸ್ ಗಾಡಿ. ಎಂಟು ವರ್ಷ ಆಸುಪಾಸಿನ ಮಕ್ಕಳೂ ಓಡಿಸುತ್ತಾರೆ. ದೊಡ್ಡ ರೇಸಿಗಿಂತ ಇದು ಮನೆಯವರಿಗೆ ಹೆಚ್ಚು ಹೊಂದುವ ಆಟ. ಓಡಿಸುವವರೂ ಮಕ್ಕಳು, ಬದಿಯಲ್ಲಿ ನಿಂತು ಚಡಪಡಿಸುವವರೂ ಅಪ್ಪ-ಅಮ್ಮ.

ಮಂಗಳೂರಿನಿಂದ ಕೊಲ್ಹಾಪುರಕ್ಕೆ ಒಂದೇ ದಿನ ಓಡಿಸುವುದು ಬೇಡ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ದಾಟುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ದಾರಿ ಮುಗಿದಿರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ, ಧಾರವಾಡದ ಅಂಚಿಗೆ ಲಕಮನಹಳ್ಳಿ ಸಿಗುತ್ತದೆ. ಕೈಗಾರಿಕಾ ಪ್ರದೇಶ, ಧಾರವಾಡ ಹಾಲು ಒಕ್ಕೂಟದ ಡೇರಿ ಇರುವ ಜಾಗ. ಇಡೀ ಧಾರವಾಡಕ್ಕೇ ಬಸ್ಸು, ಲಾರಿಗಳ ನಂಟು. 2006ರಲ್ಲಿ ಬ್ರೆಜಿಲ್‌ನ ಮಾರ್ಕೊಪೋಲೊ ಜೊತೆ ಸೇರಿ ಟಾಟಾ ಮೋಟಾರ್ಸ್ ಹುಟ್ಟುಹಾಕಿದ ಕಂಪನಿಯ ಬಸ್ ಕಾರ್ಖಾನೆ ಇರುವುದು ಈ ಊರಿನಲ್ಲೇ. ದೊಡ್ಡ ಗಾಡಿಯ ಟೈರು, ಬ್ಯಾಟರಿ ಕೆಟ್ಟರೆ ಗಾಬರಿ ಬೀಳಬೇಕಾಗಿಲ್ಲ.

ಇಂತಹ ಕಡೆ ತಂಗುವುದಾದರೆ ಒಂದು ಉಪಾಯ. ಗುರುತಿನವರ ಕಂಪೌಂಡಿನಲ್ಲೋ, ಹಣ ಕೊಟ್ಟು ನಿಲ್ಲಿಸುವ ಜಾಗದಲ್ಲೋ ಗಾಡಿ ಬಿಟ್ಟು ಊರು ನೋಡಲು ಬಸ್ಸಿನಲ್ಲಿ ಹೋಗಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳು ಲಕಮನಹಳ್ಳಿಯಲ್ಲೇ ನಿಲ್ಲುತ್ತವೆ. ಅವಕ್ಕೆ ರಸ್ತೆಯ ನಡುವೆ ಪ್ರತ್ಯೇಕ ಪಥ ಉಂಟು. ನಿಮ್ಮ ಗಾಡಿ ಅದರೊಳಗೆ ನುಗ್ಗಬಾರದು. ಹಾಲು, ಬ್ರೆಡ್, ಮಕ್ಕಳಿಗೆ ಧಾರವಾಡ ಪೇಡಾ ತಂದು ಮಲಗಿದರೆ ಬೆಳಿಗ್ಗೆ ಸುಬಹಿ ಆದ ಕೂಡಲೇ ಬೆಳಗಾವಿ ದಾರಿ ಹಿಡಿಯಬಹುದು. ಹೊರದೇಶದ ಹಾಗೆ ಕ್ಯಾರವಾನಿಗೆಂದೇ ಗೀಟು ಹಾಕಿ, ಕರೆಂಟು-ನೀರು ಕೊಟ್ಟು ಟಿಕೆಟ್ ಮಾರುವ ಪದ್ಧತಿ ನಮ್ಮ ರೇಸ್ ಮೈದಾನಗಳಲ್ಲಿ ಇನ್ನೂ ಬೇರೂರಿಲ್ಲ. ಆದ್ದರಿಂದ ಟ್ರ್ಯಾಕಿನವರಿಗೆ ಮೊದಲೇ ಫೋನ್ ಮಾಡಿ, ರಾತ್ರಿ ನಿಲ್ಲಿಸಲು ಬಿಡುತ್ತೀರಾ ಎಂದು ಬಾಯಿ ಬಿಟ್ಟು ಕೇಳಬೇಕು. ಕೇಳುವವರು ಹೆಚ್ಚಾದರೆ ಕೊಡುವವರೂ ಹುಟ್ಟುತ್ತಾರೆ. ಪಕ್ಕದ ಕೇರಳ ಸರಕಾರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ನೀತಿ ತಂದು, ಇಂತಹ ಗಾಡಿಗಳು ತಂಗುವ ಪಾರ್ಕುಗಳಿಗೆ ದಾರಿ ಮಾಡಿತು.

ಲೈಸೆನ್ಸ್, ಕಾಗದಪತ್ರ

ಬಾಡಿಗೆ ಗಾಡಿಯಾದರೆ ಚಾಲಕನ ಸಮೇತ ತೆಗೆದುಕೊಳ್ಳುವುದೇ ಮೊದಲ ಸಲಕ್ಕೆ ಒಳ್ಳೆಯದು. ನೀವೇ ಓಡಿಸುವುದಾದರೆ ಗಾಡಿಯ ಒಟ್ಟು ತೂಕ ನೋಡಿ. 7,500 ಕೆ.ಜಿ. ಒಳಗಿನ ವಾಣಿಜ್ಯ ವಾಹನವನ್ನು ಎಲ್‌ಎಂವಿ ಲೈಸೆನ್ಸಿನವರು ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕಿಂತ ಭಾರವಾದರೆ ಬೇರೆ ಲೈಸೆನ್ಸ್ ಬೇಕು.

ಮನೆಯ ಹಳೇ ವ್ಯಾನಿಗೆ ನಾವೇ ಮಂಚ, ಒಲೆ ಕೂರಿಸುವ ಎನ್ನುವ ಹುಡುಗರೂ ಉಂಟು. ಕೈಕೆಲಸ ಗೊತ್ತಿದ್ದರೂ ಇದಕ್ಕೆ ಇಳಿಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ಮೂಲ ರೂಪವನ್ನು ಬೇಕಾದ ಹಾಗೆ ಬದಲಿಸುವಂತಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಇದನ್ನೇ.

ಎಲ್ಲಿ ನಿಲ್ಲಿಸುತ್ತೀರಿ?

ಹೋಟೆಲಿನಲ್ಲಿ ತಂಗುವವರು ಕೇಳಬೇಕಾಗಿಲ್ಲದ ಪ್ರಶ್ನೆ ಇದು. ಕ್ಯಾರವಾನಿನವರು ದಿನಾ ಸಂಜೆ ಕೇಳಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ರಸ್ತೆ ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಮನೆಯವರು ಹೋದರು. ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಕೇರಳದ ಒಬ್ಬ ಚಾಲಕನ ಲಾರಿಯನ್ನು ನದಿಯಿಂದ ಎತ್ತಿದ್ದು ಎರಡು ತಿಂಗಳು ಕಳೆದ ಮೇಲೆ. ಹುಬ್ಬಳ್ಳಿ ಕಡೆಗೆ ಹೋಗುವ ಕರಾವಳಿಯವರು ಇದೇ ದಾರಿಯಲ್ಲಿ ಹೋಗಬೇಕು.

ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ಅರ್ಧ ಗಂಟೆಯೂ ಗಾಡಿ ನಿಲ್ಲಿಸಬೇಡಿ. ನದಿ ಬದಿ ನೋಟ ಚಂದ, ಮಲಗಲು ಅಲ್ಲ. ಘಾಟಿಯ ತಿರುವು, ಹೆದ್ದಾರಿಯ ಅಂಚು ಬೇಡವೇ ಬೇಡ. ಕತ್ತಲಾಗುವ ಒಂದು ಗಂಟೆ ಮೊದಲೇ ಜಾಗ ಗೊತ್ತು ಮಾಡಿ. ಗಾಡಿಯ ಮೂತಿ ಹೊರದಾರಿಯ ಕಡೆಗೆ ಇರಲಿ, ಅವಸರಕ್ಕೆ ಹಿಂದೆ ಮುಂದೆ ಮಾಡುವ ಕಷ್ಟ ಬೇಡ.

ಗಾಳಿಗೊಂದು ದಾರಿ

ಇದೇ ಹೆದ್ದಾರಿಯಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಸಾವು ಸಂಭವಿಸಿತು. ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತುಬಿದ್ದಿದ್ದರು. ಎಸಿಗಾಗಿ ಜನರೇಟರ್ ಓಡುತ್ತಿತ್ತು. ಅದರ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿದ್ದೇ ಕಾರಣ ಎಂದು ತಜ್ಞರ ಪರೀಕ್ಷೆ ತೋರಿಸಿತು.

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಪ್ರಯಾಣದ ಸುಸ್ತು ಎಂದುಕೊಂಡು ಮಲಗಿದವರು ಏಳುವುದಿಲ್ಲ. ಆದ್ದರಿಂದ ಇದೊಂದು ಮಾತು ಮನೆಯ ಪ್ರತಿಯೊಬ್ಬರಿಗೂ ಬಾಯಿಪಾಠ ಆಗಬೇಕು: ಮಲಗುವಾಗ ಎಂಜಿನ್, ಜನರೇಟರ್, ಒಲೆ ಮೂರೂ ಬಂದ್. ಕಿಟಕಿ ಎರಡು ಕಡೆ ಸ್ವಲ್ಪ ತೆರೆದಿರಲಿ. ಚಳಿಗೆ ಕಂಬಳಿ ಹೊದೆಯಿರಿ. ಒಲೆ ಹೊತ್ತಿಸಿ, ಕೆಂಡ ತಂದಿಟ್ಟು ಬೆಚ್ಚಗೆ ಮಾಡಬೇಡಿ. ಲೋಬಾನದ ಕೆಂಡವೂ ಅಷ್ಟೇ, ಹೊರಗೇ ಇರಲಿ. ಕಾರ್ಬನ್ ಮೊನಾಕ್ಸೈಡ್ ಇದ್ದರೆ ಕೂಗುವ ಪುಟ್ಟ ಅಲಾರಂ ಸಿಗುತ್ತದೆ. ಬಾಡಿಗೆ ಗಾಡಿಯಲ್ಲಿ ಅದು ಇಲ್ಲದಿದ್ದರೆ ನೀವೇ ಒಂದು ತಂದು ಹಾಸಿಗೆ ಬಳಿ ಇಡಿ. ನಿಮ್ಮ ಗಾಡಿಯ ಜನರೇಟರ್ ನಿಲ್ಲಿಸಿದರೆ ಸಾಲದು, ಪಕ್ಕದ ಗಾಡಿಯದ್ದು ನಿಮ್ಮ ಕಿಟಕಿಗೆ ಹೊಗೆ ಬಿಡುತ್ತಿದೆಯೇ ಎಂದೂ ನೋಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಗಾಡಿ ಓಡುವಾಗ ಬಂದ್ ಇರಬೇಕು.

ಮಕ್ಕಳ ಕಿವಿಯನ್ನೂ ಮರೆಯಬೇಡಿ. ದೊಡ್ಡವರ ಕಿವಿಗೇ 85 ಡೆಸಿಬಲ್ ಸದ್ದು ದಿನಕ್ಕೆ 8 ಗಂಟೆ ಮಿತಿ, 100 ಡೆಸಿಬಲ್ ಆದರೆ ಬರೀ 15 ನಿಮಿಷ. ರೇಸ್ ಕಾರು ಹತ್ತಿರದಿಂದ ಹೋದರೆ ಅದನ್ನೂ ದಾಟಬಹುದು. ಹತ್ತಿ ತುರುಕಿದರೆ ಸಾಲದು. ಮಕ್ಕಳ ಅಳತೆಯ ಕಿವಿಕವಚ ತನ್ನಿ. ಹಾಲುಮಗುವನ್ನು ಬೇಲಿ ಬಳಿಗೆ ಒಯ್ಯುವುದೇ ಬೇಡ.

ಅಡುಗೆ ಯಾರದ್ದು?

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಅತಿ ದೊಡ್ಡ ಪ್ರಶ್ನೆ. ಕ್ಯಾರವಾನ್ ಎಂದರೆ ಮನೆಯೇ ಜೊತೆಗೆ ಬಂದ ಹಾಗೆ. ಮನೆ ಬಂದರೆ ಮನೆಯವರೂ ಬರಬಹುದು, ಸರಿ. ಆದರೆ ಅಡುಗೆಮನೆಯೂ ಬರುತ್ತದಲ್ಲ? ಹೊರಗೆ ಕಾರುಗಳು ಹಾರುತ್ತಿರುವಾಗ ಉಮ್ಮ ಒಳಗೆ ಐದು ಮಂದಿಗೆ ಪತ್ತಿರ್ ತಟ್ಟುತ್ತಾ ನಿಂತರೆ ಅವರು ಮಂಗಳೂರಿನಲ್ಲಿದ್ದರೇನು, ಕೊಲ್ಹಾಪುರದಲ್ಲಿದ್ದರೇನು? ಒಂದೇ. ಮನೆಯಲ್ಲಾದರೆ ಅಡುಗೆಮನೆ ಸ್ವಲ್ಪ ದೊಡ್ಡದಾದರೂ ಇತ್ತು.

ಕೆಲವು ಮನೆಗಳಲ್ಲಿ ಪಿಕ್ನಿಕ್ ಎಂದರೆ ಹೆಂಗಸರಿಗೆ ಭಯ ಯಾಕೆಂದು ಯಾರೂ ಕೇಳುವುದಿಲ್ಲ. ಹಿಂದಿನ ರಾತ್ರಿ ಒಂದು ಗಂಟೆವರೆಗೆ ಬಿರಿಯಾನಿಗೆ ಈರುಳ್ಳಿ ಹುರಿಯುವುದು, ಬಂದ ಮೇಲೆ ಪಾತ್ರೆ ರಾಶಿ ತೊಳೆಯುವುದು. ನಡುವಿನ ನಾಲ್ಕು ಗಂಟೆಗೆ ಪಿಕ್ನಿಕ್ ಎಂದು ಹೆಸರು. ರೇಸ್ ವಾರಾಂತ್ಯ ಮೂರು ದಿನದ್ದು.

ಹಾಗಾಗಿ ಹೊರಡುವ ಮೊದಲು ಒಂದು ಕಾಗದದಲ್ಲಿ ಬರೆಯಿರಿ. ಶುಕ್ರವಾರ ರಾತ್ರಿಯ ಊಟ ಉಪ್ಪನದ್ದು, ಶನಿವಾರ ಬೆಳಿಗ್ಗೆಯದ್ದು ಮಗನದ್ದು, ಹೀಗೆ. ಊಟವೂ ಸರಳವಾಗಿರಲಿ. ಕಲ್ತಪ್ಪ, ನೈಪತ್ತಿರ್ ಮನೆಯಿಂದಲೇ ಮಾಡಿ ತಂದರೆ ಮೊದಲ ದಿನ ಸಾಗುತ್ತದೆ. ಕರಿದು ಒಣಗಿಸಿದ ಮೀನು, ಉಪ್ಪಿನಕಾಯಿ, ಅವಲಕ್ಕಿ, ಮೊಟ್ಟೆ, ಖರ್ಜೂರ ಇದ್ದರೆ ಒಲೆ ದಿನಕ್ಕೆ ಎರಡೇ ಸಲ ಹೊತ್ತಿಸಿದರೆ ಸಾಕು. ಸುಲೈಮಾನಿ ಮಾಡಲು ಹತ್ತು ವರ್ಷದ ಹುಡುಗನಿಗೂ ಬರುತ್ತದೆ, ಬರದಿದ್ದರೆ ಕಲಿಯಲಿ. ಹಲಾಲ್ ಊಟ ಎಲ್ಲಿ ಸಿಗುತ್ತದೆ ಎಂದು ಹುಡುಕುವ ಚಿಂತೆ ತಪ್ಪಿಸಲೆಂದೇ ಒಲೆ ತಂದದ್ದು, ಉಮ್ಮನನ್ನು ಅದರ ಮುಂದೆ ಕಟ್ಟಿಹಾಕಲು ಅಲ್ಲ.

ನೀರಿನ ಲೆಕ್ಕವನ್ನೂ ಮನೆಮಂದಿ ಒಟ್ಟಿಗೆ ಇಟ್ಟುಕೊಳ್ಳಬೇಕು. ಟ್ಯಾಂಕಿ 100 ಲೀಟರಿನದ್ದು ಎಂದುಕೊಳ್ಳಿ. ಐದು ಮಂದಿ ಐದು ಹೊತ್ತು ತಂಬಿಗೆಯಲ್ಲಿ ಒಂದೊಂದು ಲೀಟರ್ ಹಿಡಿದು ವುಝೂ ಮಾಡಿದರೆ 25 ಲೀಟರ್. ನಳ್ಳಿ ಬಿಟ್ಟು ನಿಂತರೆ ಮಧ್ಯಾಹ್ನದೊಳಗೆ ಟ್ಯಾಂಕಿ ಖಾಲಿ. ಕೊಳೆ ನೀರನ್ನು, ಟಾಯ್ಲೆಟ್ ಡಬ್ಬಿಯನ್ನು ತೋಟಕ್ಕೋ ತೋಡಿಗೋ ಸುರಿಯುವುದು ಹರಾಮಿನ ಕೆಲಸವೆಂದೇ ತಿಳಿಯಿರಿ; ಆ ತೋಡಿನ ಕೆಳಗೆ ಇನ್ನೊಬ್ಬರ ಬಾವಿ ಇರುತ್ತದೆ. ಶೌಚಗುಂಡಿ ಇರುವ ಕಡೆ ಕೇಳಿ ಖಾಲಿ ಮಾಡಬೇಕು. ಆ ಡಬ್ಬಿ ಹೊರುವ ಕೆಲಸ ಗಂಡಸರದ್ದು, ಇದರಲ್ಲಿ ಚರ್ಚೆ ಬೇಡ.

ಖರ್ಚಿನ ಮಾತೂ ಬರುತ್ತದೆ. ಕ್ಯಾರವಾನ್ ಬಾಡಿಗೆ ಕಡಿಮೆಯದ್ದಲ್ಲ. ಎರಡು ಮನೆ ಸೇರಿದರೆ ಭಾರ ಹಗುರ. ಅಕ್ಕ-ತಂಗಿಯರ ಎರಡು ಸಂಸಾರ ಒಟ್ಟಿಗೆ ಹೊರಟರೆ ಹೆಂಗಸರು, ಮಕ್ಕಳು ಒಳಗೆ ಮಲಗಬಹುದು. ಗಂಡಸರಿಗೆ ಪಕ್ಕದಲ್ಲೊಂದು ಟೆಂಟ್ ಸಾಕು. ಇಷ್ಟು ದಿನ ಸೀಟಿನಲ್ಲಿ ಕುತ್ತಿಗೆ ಓರೆ ಮಾಡಿ ಮಲಗಿದವರಿಗೆ ಟೆಂಟೇನೂ ಕಷ್ಟವಲ್ಲ.

ಅಜ್ಜಿಯನ್ನು ಬಿಟ್ಟು ಹೋಗಬೇಡಿ. ಕಾಲು ಚಾಚಲು ಹಾಸಿಗೆ, ಕೈಗೆಟಕುವಷ್ಟು ಹತ್ತಿರದಲ್ಲಿ ಟಾಯ್ಲೆಟ್ ಇದ್ದರೆ ಅವರಿಗೆ ಬರಲು ಏನು ಅಡ್ಡಿ? ಯಾವ ಕಾರು ಗೆದ್ದಿತು ಎಂಬುದು ಅವರಿಗೆ ಗೊತ್ತಾಗದಿದ್ದರೂ ಪರವಾಗಿಲ್ಲ. ಕಾರ್ಟಿನಿಂದ ಇಳಿದ ಒಂಬತ್ತು ವರ್ಷದ ಹುಡುಗಿ ಹೆಲ್ಮೆಟ್ ತೆಗೆದು ಬೆವರಿದ ಮುಖ ಒರೆಸಿಕೊಳ್ಳುವುದನ್ನು ಅವರೂ ನೋಡಲಿ. ಮಗಳು, ಮೊಮ್ಮಗಳು ಅವರ ಪಕ್ಕದಲ್ಲೇ ಕೂತು ನೋಡಲಿ. ಅಷ್ಟು ಹೊತ್ತು ಒಳಗೆ ಪಾತ್ರೆ ತೊಳೆಯುವ ಸರದಿ ಯಾರದ್ದೆಂದು ಆ ಕಾಗದದಲ್ಲಿ ಬರೆದಿಟ್ಟದ್ದು ಉಂಟಲ್ಲ.